ಫ್ರೆಂಚ್ ಜಂಬಣ್ಣನವರ ಸುಳ್ಳು ತೊಲೆ

ದುರ್ಗಿಗುಡಿಯ ಜಂಬಣ್ಣ ಮೇಷ್ಟ್ರಿಗೆ ಫ್ರೆಂಚ್ ಭಾಷೆ ಅಂಟಿಕೊಂಡದ್ದು ಒಬ್ಬ ಪಾದ್ರಿಯ ಮೇಲಿನ ಕನಿಕರದಿಂದ. ಅವರ ತಂದೆ ಶಿವಮೂರ್ತಪ್ಪನವರು ಶಿವಮೊಗ್ಗೆಯ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವರು. ಮಗ ಅಮಲ್ದಾರನಾಗಲಿ ಎಂದು ಮೈಸೂರಿಗೆ ಓದಲು ಕಳಿಸಿದ್ದರು. ಕಾಲೇಜಿನಲ್ಲಿ ಎರಡನೆಯ ಭಾಷೆ ಆರಿಸಿಕೊಳ್ಳುವ ದಿನ ಸಂಸ್ಕೃತದ ಕೋಣೆ ಕಿಕ್ಕಿರಿದು ತುಂಬಿತ್ತು. ಅದರ ಪಕ್ಕದ ಫ್ರೆಂಚ್ ಕೋಣೆಯಲ್ಲಿ ಬಿಳಿಗಡ್ಡದ ಪಾದ್ರಿಯೊಬ್ಬರು ಒಂಟಿಯಾಗಿ ಕೂತು ಕಿತ್ತಳೆಹಣ್ಣು ಸುಲಿಯುತ್ತಿದ್ದರು. ಅಯ್ಯೋ ಪಾಪ ಅನ್ನಿಸಿ ಜಂಬಣ್ಣ ಒಳಗೆ ಹೋಗಿ ಕೂತರು. ಪಾದ್ರಿಗಳು ಅರ್ಧ ಹಣ್ಣು ಕೈಗಿಟ್ಟರು. "ಹಣ್ಣು ತಿಂದ ಮೇಲೆ ಎದ್ದು ಬರೋದು ಹ್ಯಾಗೆ ಹೇಳಿ?" ಎಂದು ಮುಂದೆ ಅವರು ಎಲ್ಲರಿಗೂ ಹೇಳುತ್ತಿದ್ದರು.

ಊರಿಗೆ ಮರಳಿದಾಗ ಅವರ ಹತ್ತಿರ ಬಿ.ಎ. ಪದವಿ ಇತ್ತು, ಒಂದು ದಪ್ಪ ಫ್ರೆಂಚ್ ನಿಘಂಟು ಇತ್ತು, ಪಾದ್ರಿಗಳು ಬಾಯಿಪಾಠ ಮಾಡಿಸಿದ್ದ ಚಂದ್ರ, ಸರೋವರ, ವಿರಹದ ಪದ್ಯಗಳ ರಾಶಿ ಇತ್ತು. ಅಮಲ್ದಾರಿ ಮಾತ್ರ ಬರಲಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರ ಕೆಲಸ ಸಿಕ್ಕಿತು. ಶಿವಮೊಗ್ಗೆಯಲ್ಲಿ ಫ್ರೆಂಚ್ ಕೇಳುವವರು ಯಾರು? ಬೆಳಗ್ಗೆ ತುಂಗೆಗೆ ಸ್ನಾನಕ್ಕೆ ಹೋದಾಗ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಗಟ್ಟಿಯಾಗಿ ಪದ್ಯ ಹೇಳುತ್ತಿದ್ದರು. ಬಟ್ಟೆ ಒಗೆಯುವವರು ಮೊದಮೊದಲು ಅದು ಯಾವುದೋ ಮಂತ್ರ ಎಂದು ಕೈಮುಗಿದರು. ಸಂಗತಿ ತಿಳಿದ ಮೇಲೆ 'ಫ್ರೆಂಚ್ ಜಂಬಣ್ಣ' ಎಂದು ಹೆಸರಿಟ್ಟರು.

ಆ ಭಾಷೆಯ ಉಪಯೋಗ ಕಂಡುಹಿಡಿದವರು ಅವರ ಹೆಂಡತಿ ಸುಭದ್ರಮ್ಮ. ಆಯನೂರಿನ ಕಡೆಯ ಹೆಣ್ಣು. ನಗು ಬಂದರೆ ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದಂಥವರು. ಅತ್ತೆ ಕಾಶಮ್ಮನವರ ಎದುರು ಗಂಡ ಹೆಂಡತಿ ಮಾತಾಡಿಕೊಳ್ಳುವ ಪದ್ಧತಿ ಇರಲಿಲ್ಲ. ಸುಭದ್ರಮ್ಮ ಗಂಡನಿಂದ ಒಂದೊಂದೇ ಫ್ರೆಂಚ್ ಮಾತು ಕಲಿತರು. ಹರಟೆಗೆ ಬಂದವರು ಜಗಲಿಯಿಂದ ಏಳದೆ ಕೂತರೆ ಒಳಗಿನಿಂದ "ಅಸ್ಸೆ!" ಎಂದು ಕೂಗುತ್ತಿದ್ದರು. ಅದಕ್ಕೆ 'ಸಾಕು' ಎಂದು ಅರ್ಥ. ಕಾಶಮ್ಮನವರು ಅದನ್ನು ಬೆಕ್ಕು ಓಡಿಸುವ ಹೊಸ ರೀತಿ ಎಂದುಕೊಂಡು ತಾವೂ ಬೆಕ್ಕಿಗೆ "ಅಸ್ಸೆ, ಅಸ್ಸೆ" ಅನ್ನತೊಡಗಿದರು.

ಹೀಗೆ ಹತ್ತು ವರ್ಷ ಕಳೆಯಿತು. ಮಕ್ಕಳಾಗಲಿಲ್ಲ. ಅದೊಂದು ಕೊರಗು ಮನೆಯೊಳಗೆ ಸದ್ದಿಲ್ಲದೆ ಓಡಾಡಿಕೊಂಡಿತ್ತು.

ಸಾವಿರದ ಒಂಬೈನೂರ ಮೂವತ್ತಾರರ ಬೇಸಿಗೆಯಲ್ಲಿ ಭದ್ರಾವತಿಯಿಂದ ಮೇಷ್ಟ್ರಿಗೆ ಕರೆ ಬಂತು. ಕರೆಸಿದವರು ಶಿವಮೊಗ್ಗೆಯ ಅಡಿಕೆ ಮಂಡಿಯ ಚಂದ್ರಶೇಖರಪ್ಪನವರು. ತಮ್ಮ ಒಬ್ಬಳೇ ಮಗಳನ್ನು ಭದ್ರಾವತಿಗೆ ಕೊಟ್ಟಿದ್ದರು. ಆಕೆ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಆ ಊರಲ್ಲೇ ಹೆಂಗಸರಿಗೆ ಒಂದು ಹೆರಿಗೆ ಮನೆ ಕಟ್ಟಿಸಿಯೇ ತೀರುತ್ತೇನೆ ಎಂದು ಅವರು ಹಟ ಹಿಡಿದಿದ್ದರು. ಅಷ್ಟರಲ್ಲಿ ಪಾಂಡಿಚೇರಿಯಲ್ಲಿ ಯಾವನೋ ಫ್ರೆಂಚ್ ವರ್ತಕ ತನ್ನ ಮರದ ಬಂಗಲೆಯನ್ನು ಬಿಚ್ಚಿ ಮಾರುತ್ತಿದ್ದಾನೆಂದು ಸುದ್ದಿ ಬಂತು. ಒಳ್ಳೆಯ ಸಾಗುವಾನಿ, ಒಂದೊಂದು ತುಂಡಿಗೂ ತಗಡಿನ ಚೀಟಿ ಹೊಡೆದಿದೆ, ಜೋಡಿಸಿದರೆ ಮನೆ ಎದ್ದು ನಿಲ್ಲುತ್ತದೆ ಎಂದರು. ಕೊಂಡು ತರಿಸಿದರು. ರೈಲಿನಲ್ಲಿ ಬಂದ ತೊಲೆ, ಕಂಬ, ಕಿಟಕಿಗಳೆಲ್ಲ ಈಗ ಭದ್ರೆಯ ಹತ್ತಿರದ ಬಯಲಿನಲ್ಲಿ ತಾಡಪಾಲಿನ ಕೆಳಗೆ ಮಲಗಿದ್ದವು. ಜೋಡಿಸುವ ಕ್ರಮ ಹೇಳುವ ಅಚ್ಚಿನ ಪುಸ್ತಕ ಒಂದಿತ್ತು. ಅದೂ ಫ್ರೆಂಚ್, ಚೀಟಿಗಳೂ ಫ್ರೆಂಚ್.

ಮೇಷ್ಟ್ರು ಕರಿಕೋಟು ತೊಟ್ಟು, ರುಮಾಲು ಸುತ್ತಿ, ನಿಘಂಟನ್ನು ಎದೆಗವಚಿಕೊಂಡು ಬೆಳಗಿನ ರೈಲು ಹತ್ತಿದರು. ಮಾಚೇನಹಳ್ಳಿ ದಾಟುವಾಗ ಎದುರು ಕೂತ ಪರಿಚಯದವರೊಬ್ಬರು "ಎಲ್ಲಿಗೆ ಮೇಷ್ಟ್ರೇ ಇಷ್ಟು ಜೋರು?" ಎಂದಾಗ, "ಫ್ರೆಂಚ್ ಕೆಲಸ ಇದೆ," ಎಂದರು. ಆ ಮಾತು ಹೇಳಬೇಕೆಂದು ಎಷ್ಟು ವರ್ಷ ಕಾದಿದ್ದರೋ.

ಬಯಲಿನಲ್ಲಿ ಎಂಜಿನಿಯರ್ ರಾಮಚಂದ್ರಪ್ಪನವರು, ಬಡಗಿ ಮೇಸ್ತ್ರಿ ಕಲ್ಲಪ್ಪನವರು ಕಾಯುತ್ತಿದ್ದರು. ರಾಮಚಂದ್ರಪ್ಪನವರು ಒಂದು ಸಣ್ಣ ಜೇಬುನಿಘಂಟು ನೋಡಿಕೊಂಡು ತಾವೇ ಒಂದು ಪುಟ ಇಂಗ್ಲಿಷ್ ಮಾಡಿ ಸೋತಿದ್ದರು.

"ನೀವೇ ಓದಿ ಮೇಷ್ಟ್ರೇ. ಮೊದಲು ಮೇಕೆಯನ್ನು ನಿಲ್ಲಿಸಿ, ಅಂತಿದೆ. ಆಮೇಲೆ ಕಾಗೆಯ ಮೇಲೆ ತೊಲೆ ಇಡಿ. ಕೊನೆಗೆ ಛಾವಣಿಯಲ್ಲಿ ಮೂರು ಕೂತ ನಾಯಿಗಳನ್ನ ಜೋಡಿಸಿ," ಎಂದರು ಅವರು.

"ಮೇಕೆ ಅಂದಾಗ ನಾನು ಪಾಯದ ಬಲಿ ಇರಬೇಕು ಅಂದ್ಕೊಂಡೆ," ಎಂದರು ಕಲ್ಲಪ್ಪ. "ಚಂದ್ರಶೇಖರಪ್ಪೋರು ಕೇಳಿ ಕೆಂಡ ಆದ್ರು. ಲಿಂಗ ಕಟ್ಟಿದೋರ ಧರ್ಮದ ಕೆಲಸದಲ್ಲಿ ಬಲಿ ಏನಯ್ಯ ಅಂತ. ನಾಯಿಗಂತೂ ಏನ್ ಮಾಡೋದೋ ನಂಗೆ ತಿಳೀದು."

ಮೇಷ್ಟ್ರು ನಕ್ಕು ಪುಸ್ತಕ ತೆರೆದರು. ಮೊದಲ ಪುಟದಲ್ಲೇ ನಗು ಆರಿತು. ಅಕ್ಷರ ಅವರದೇ, ವ್ಯಾಕರಣ ಅವರದೇ, ಮಾತು ಮಾತ್ರ ಒಂದೂ ಅವರದಲ್ಲ. ಆರ್ಬಲೆತ್ರಿಯೆ ಎಂದರೆ ಬಿಲ್ಲು ಹಿಡಿದ ಸಿಪಾಯಿ. ಅವನಿಗೆ ಇಲ್ಲೇನು ಕೆಲಸ? ಪ್ವಾನ್ಸೋಂ ಎಂದರೆ ದಬ್ಬಳ. ಪಾನ್ ಎಂದರೆ ಗಾಡಿ ಕೆಟ್ಟು ನಿಲ್ಲುವುದು. ವಿರಹದ ಪದ್ಯದಲ್ಲಿ ಛಾವಣಿಯ ಸುದ್ದಿಯೇ ಬಂದಿರಲಿಲ್ಲ. ಆದರೆ ಕರಿಕೋಟು ತೊಟ್ಟು ಬಂದವರು ಗೊತ್ತಿಲ್ಲ ಎನ್ನುವುದು ಹೇಗೆ? "ಸ್ವಲ್ಪ ತಾಂತ್ರಿಕವಾಗಿದೆ. ಮನೆಗೆ ಒಯ್ದು ಮಾಡ್ಕೊಂಡ್ ಬರ್ತೀನಿ," ಎಂದು ಎದ್ದರು.

ಮನೆಯಲ್ಲಿ ಊಟ ನಿದ್ದೆ ಬಿಟ್ಟು ಕೂತರು. ದಪ್ಪ ನಿಘಂಟಿನ ಕೊನೆಕೊನೆಯ ಅರ್ಥಗಳಲ್ಲಿ ಕೆಲವು ಸಿಕ್ಕಿದವು. ಮೇಕೆ ಎಂದರೆ ಭಾರ ಎತ್ತುವ ಮೂರು ಕಾಲಿನ ಕಂಬ. ಕಾಗೆ ಎಂದರೆ ಗೋಡೆಯಿಂದ ಮುಂದೆ ಚಾಚಿ ತೊಲೆ ಹೊರುವ ಬೋದಿಗೆ. ಮಿಕ್ಕದ್ದನ್ನು ಊಹೆಯ ಮೇಲೆ ತುಂಬಿದರು. 'ಫೋ ಆಂತ್ರೆ' ಎಂಬ ಮಾತು ಬಂದಾಗ ಕೈ ನಿಂತಿತು. ಆಂತ್ರೆ ಅಡ್ಡತೊಲೆ, ಅದು ಗೊತ್ತಾಗಿತ್ತು. ಫೋ ಎಂದರೆ ಸುಳ್ಳು.

"ಸುಳ್ಳು ತೊಲೆ ಅಂತ ಇರತ್ತೇನ್ರೀ ಎಲ್ಲಾದ್ರೂ?" ಎಂದರು ಸುಭದ್ರಮ್ಮ.

"ಪುಸ್ತಕದಲ್ಲಿ ಹಾಗೇ ಇದೆಯಲ್ಲೇ ಮಾರಾಯ್ತಿ."

"ಹೋಗಿ ಮರ ನೋಡಿ ಕೇಳಿ ಬರೀಬಾರದಾ?"

"ಮರ ಏನ್ ಹೇಳತ್ತೆ?" ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ 'ಫಾಲ್ಸ್ ಬೀಮ್' ಎಂದು ಬರೆದು ಮುಂದಿನ ಮಾತಿಗೆ ಹೋದರು. ಚಂದಾಗಿ ನಕಲು ತೆಗೆದು, ಭದ್ರಾವತಿಗೆ ಕಳಿಸಿ, ಹಾಯಾಗಿ ನಿದ್ದೆ ಮಾಡಿದರು.

ಎಂಜಿನಿಯರರ ಪಾಠದಲ್ಲಿ ಫಾಲ್ಸ್ ಎಂಬುದಕ್ಕೆ ಬೇರೆ ಅರ್ಥ ಇತ್ತು: ಕಟ್ಟಡ ಏಳುವವರೆಗೆ ಆಸರೆಗೆ ಇಟ್ಟು ಆಮೇಲೆ ಕಿತ್ತು ಬಿಸಾಡುವ ಮರ. ರಾಮಚಂದ್ರಪ್ಪನವರು ಓದಿ, "ಇವು ಬರೀ ಆಸರೆಗೆ. ಮನೆಗೆ ಸೇರಿದ್ದಲ್ಲ," ಎಂದರು. ಕಲ್ಲಪ್ಪನವರಿಗೆ ಹೊಟ್ಟೆ ಉರಿಯಿತು. ಅಂಥ ಸಾಗುವಾನಿಯನ್ನು ಆಸರೆಗೆ ಬಳಸುವ ದೇಶ ಇನ್ನೆಷ್ಟು ಸಿರಿವಂತ ದೇಶವೋ ಎಂದುಕೊಂಡರು. ಆದರೆ ಬರೆದದ್ದು ಬರೆದದ್ದೇ. ತಗಡಿನ ಚೀಟಿ ನೋಡಿ ಆ ತೊಲೆಗಳನ್ನು ಬೇರೆ ಮಾಡಿಸಿ, ಎರಡನ್ನು ಕುಯ್ದು ಆಳುಗಳು ನಿಲ್ಲುವ ಅಟ್ಟಣಿಗೆಗೆ ಹಲಗೆ ಮಾಡಿಸಿದರು.

ಛಾವಣಿಯ ಮೊದಲ ಕತ್ತರಿಕಟ್ಟು ಏರಿಸುವ ದಿನ ಮೇಷ್ಟ್ರಿಗೆ ಆಹ್ವಾನ ಬಂತು. ಸುಭದ್ರಮ್ಮನೂ ಬಂದರು. ಚಂದ್ರಶೇಖರಪ್ಪನವರು ಕಾಯಿ ಒಡೆದರು. ನೆಲದ ಮೇಲೆ ಜೋಡಿಸಿಟ್ಟ ಆ ದೊಡ್ಡ ಮುಕ್ಕೋನವನ್ನು ಆಳುಗಳು ಹಗ್ಗ ಹಾಕಿ ಮೇಲೆತ್ತಿದರು. ಅದು ಅರ್ಧ ಎದ್ದಾಗ ಕಲ್ಲಪ್ಪ ಹುಬ್ಬು ಗಂಟಿಕ್ಕಿದರು. ಎರಡು ಇಳಿಜಾರು ತೊಲೆಗಳ ನಡುಮಟ್ಟದಲ್ಲಿ ಎದುರುಬದುರಾಗಿ ಖಾಲಿ ತೂತುಗಳು. ಏನನ್ನೋ ಕಚ್ಚಿಕೊಳ್ಳಲು ಬಾಯಿ ತೆರೆದಂತಿದ್ದವು. "ತಡೀರಿ," ಎನ್ನುವಷ್ಟರಲ್ಲಿ ಮರ ನರಳಿತು. ಇಳಿಜಾರು ತೊಲೆಗಳು ಒಳಕ್ಕೆ ಬಾಗಿದವು. ಎಡಗಡೆಯದು ಆ ತೂತಿನ ಜಾಗದಲ್ಲೇ ಫಟ್ಟನೆ ಸೀಳಿತು.

"ಇಳಿಸ್ರೋ! ಮೆಲ್ಲಗೆ, ಮೆಲ್ಲಗೆ!"

ಇಳಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ರಾಮಚಂದ್ರಪ್ಪನವರು ಪುಸ್ತಕದ ಮಾಸಿದ ಚಿತ್ರವನ್ನು, ಮೇಷ್ಟ್ರ ಬರಹವನ್ನು ತಿರುತಿರುಗಿಸಿ ನೋಡಿದರು. ಕಲ್ಲಪ್ಪನವರು ಅಟ್ಟಣಿಗೆಯ ಹಲಗೆಯೊಂದನ್ನು ತಂದು ಅದರ ತುದಿಯನ್ನು ಖಾಲಿ ತೂತಿಗೆ ಹಿಡಿದರು. ಹೊಂದಿಕೊಂಡಿತು. ಹೊಂದಿಕೊಂಡದ್ದು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

ತಪ್ಪು ಎಂಜಿನಿಯರಿನದೂ ಆಗಬಹುದಿತ್ತು. ಫಾಲ್ಸ್ ಎಂಬುದನ್ನು ಆಸರೆ ಎಂದು ಓದಿದವರು ಅವರು. ಹಾಗೆಂದು ಮೇಷ್ಟ್ರು ಸುಮ್ಮನಿರಬಹುದಿತ್ತು. ಕಣ್ಣೆತ್ತಿದರೆ ಸುಭದ್ರಮ್ಮ ನೋಡುತ್ತಿದ್ದರು. ಆ ನೋಟದಲ್ಲಿ ಬೈಗುಳ ಇರಲಿಲ್ಲ, ಗಾಬರಿ ಇತ್ತು. ಮೇಷ್ಟ್ರು ರುಮಾಲು ತೆಗೆದು ಕೈಯಲ್ಲಿ ಹಿಡಿದು ಚಂದ್ರಶೇಖರಪ್ಪನವರ ಎದುರು ನಿಂತರು.

"ಅಪ್ಪಾರೆ, ಇದು ನನ್ನಿಂದ ಆದದ್ದು. ನಂಗೆ ಪದ್ಯದ ಫ್ರೆಂಚ್ ಬರತ್ತೆ. ಮನೆ ಕಟ್ಟೋ ಫ್ರೆಂಚ್ ಬರೋಲ್ಲ. ಬರೋಲ್ಲ ಅನ್ನೋಕೆ ನಾಚಿಕೆಯಾಗಿ ಬಂದಹಾಗೆ ಬರೆದೆ."

ಚಂದ್ರಶೇಖರಪ್ಪನವರು ಬಗ್ಗಿ ಸೀಳಿದ ತೊಲೆಯ ಮೇಲೆ ಕೈಯಾಡಿಸಿದರು. ಮುಂಗೋಪಿ ಎಂದು ಹೆಸರಾದವರು.

"ಈ ಛಾವಣಿ ಕೆಳಗೆ ಬಸುರಿಯರು ಮಲಗೋರು, ಮೇಷ್ಟ್ರೇ," ಎಂದರು. "ಅವರು ಮಲಗಿದ ಮೇಲೆ ಸೀಳಿದ್ರೆ ಏನ್ ಮಾಡ್ತಿದ್ದೆ ನಾನು? ಈಗಲೇ ಸೀಳಿತಲ್ಲ, ಶಿವ ದೊಡ್ಡೋನು. ಮರಕ್ಕೇನು, ನಮ್ಮ ಕಾಡು ಇನ್ನೂ ಮುಗಿದಿಲ್ಲ. ಗೊತ್ತಿಲ್ಲ ಅಂದ್ರಲ್ಲ, ಒಳ್ಳೇದು. ಇನ್ನು ಗೊತ್ತು ಮಾಡ್ಕೊಳ್ಳಿ. ಮಳೆಗೆ ಮುಂಚೆ ಮುಗೀಬೇಕು."

ಶಾಲೆಗೆ ಬೇಸಿಗೆ ರಜೆ. ಭದ್ರಾವತಿಯಲ್ಲಿ ಸುಭದ್ರಮ್ಮನ ಅಕ್ಕ ಶಾಂತಮ್ಮನ ಮನೆ ಇತ್ತು. ಗಂಡ ಹೆಂಡತಿ ಅಲ್ಲಿಗೆ ಬಂದು ಬಿಡಾರ ಹೂಡಿದರು. ಮೇಷ್ಟ್ರು ಕೋಟು ಕಳಚಿ ಗೂಟಕ್ಕೆ ಹಾಕಿ ಬಯಲಿಗೆ ಇಳಿದರು.

ಕೆಲಸದ ರೀತಿ ಹೀಗಿತ್ತು. ಬಿಚ್ಚಿದ ಮನೆಯನ್ನು ನೆಲದ ಮೇಲೇ ಮಲಗಿಸಿ ಜೋಡಿಸುವುದು. ಒಂದು ತುಂಡು ಎತ್ತಿ ಮೇಷ್ಟ್ರು ಚೀಟಿ ಓದಿ ಆ ಮಾತಿನ ಮೂಲ ಅರ್ಥ ಕನ್ನಡದಲ್ಲಿ ಹೇಳುತ್ತಿದ್ದರು. ಕಲ್ಲಪ್ಪನವರು ಅದರ ತುದಿ, ತೂತು, ಗೀರು ನೋಡಿ ಎಲ್ಲೆಲ್ಲಿ ಕೂರಬಹುದೆಂದು ಇಟ್ಟು ನೋಡುತ್ತಿದ್ದರು. ಕೂತಿತೆಂದರೆ ರಾಮಚಂದ್ರಪ್ಪನವರು ಅದಕ್ಕೆ ಇಂಗ್ಲಿಷ್ ಹೆಸರು ಕೊಡುತ್ತಿದ್ದರು. ಒಬ್ಬೊಬ್ಬರಿಗೆ ಮೂರನೆಯ ಒಂದು ಪಾಲು ಗೊತ್ತಿತ್ತು. ಕೂರದಿದ್ದಾಗ ಮೂವರೂ ಸಮನಾಗಿ ತಲೆ ಕೆರೆದುಕೊಳ್ಳುತ್ತಿದ್ದರು. ದಬ್ಬಳ ಎಂದಿದ್ದದ್ದು ಮುಕ್ಕೋನದ ನಡುವೆ ನೇರ ನಿಲ್ಲುವ ಗಿಡ್ಡ ಕಂಬ; ಕಿಂಗ್ ಪೋಸ್ಟ್ ಎಂದರು ಎಂಜಿನಿಯರು. ಬಿಲ್ಲುಗಾರ ಸಿಪಾಯಿ ಆ ಸೀಳಿದ ಇಳಿಜಾರು ತೊಲೆ. ಪೆಟ್ಟಿಗೆಯ ಮೂಲೆಯಲ್ಲಿರುವ ಹಾಗೆ ಹಲ್ಲಿಗೆ ಹಲ್ಲು ಕೂರಿಸುವ ಬೆಸುಗೆಗೆ ಫ್ರೆಂಚರು ಬಾನಾಡಿ ಹಕ್ಕಿಯ ಬಾಲ ಅಂದರೆ ಇಂಗ್ಲಿಷರು ಪಾರಿವಾಳದ ಬಾಲ ಅನ್ನುತ್ತಾರೆಂದು ತಿಳಿದು ಕಲ್ಲಪ್ಪನವರಿಗೆ ಖುಷಿಯೋ ಖುಷಿ. "ಬಾಲ ಅಂತೂ ಹೌದಲ್ಲ ಇಬ್ಬರಿಗೂ. ಹಕ್ಕಿ ಯಾವುದು ಅಂತ ಜಗಳ ಆಡ್ಲಿ ಬಿಡಿ."

ಒಂದು ಮಾತು ಮಾತ್ರ ಮೂವರನ್ನೂ ಸತಾಯಿಸಿತು. ಎಸ್ಸೆಲಿಯೆ. ನಿಘಂಟಿನಲ್ಲಿ ಇರಲಿಲ್ಲ. ಅದರ ಹತ್ತಿರದ ಮಾತೆಂದರೆ ಕಂಕುಳು. ಬಾಗಿದ ಗಿಡ್ಡ ಮರಗಳು ಗುಡ್ಡೆ ಬಿದ್ದಿದ್ದವು, ಎಲ್ಲಿಟ್ಟರೂ ಅಡ್ಡಾದಿಡ್ಡಿ. ಮಧ್ಯಾಹ್ನದ ಬುತ್ತಿ ತಂದ ಸುಭದ್ರಮ್ಮ ಮರದ ನೆರಳಲ್ಲಿ ರೊಟ್ಟಿ ಬಡಿಸುತ್ತ ಇವರ ಗೋಳು ಕೇಳಿದರು.

"ಕಂಕುಳು ಅಂದ್ರೆ ಕಂಕುಳೇ ಅಲ್ವೇನ್ರೀ?" ಎಂದು ಎದ್ದು ನಿಂತು, ಒಂದು ಕೈಯನ್ನು ಅಗಲಕ್ಕೆ ಚಾಚಿದರು. "ನಾನು ಕಂಬ. ಈ ಕೈ ತೊಲೆ. ಕೈ ಸೋತು ಕೆಳಗೆ ಬೀಳ್ತಿದೆ ಅಂದ್ರೆ ಊರುಗೋಲು ಎಲ್ಲಿ ಕೊಡ್ತೀರಿ? ಇಲ್ಲಿ." ಮತ್ತೊಂದು ಕೈಯಿಂದ ಕಂಕುಳ ಕೆಳಗೆ ತೋರಿಸಿದರು.

ಕಲ್ಲಪ್ಪನವರು ರೊಟ್ಟಿ ಕೆಳಗಿಟ್ಟು ಓಡಿದರು. ಬಾಗಿದ ಮರ ಕಂಬಕ್ಕೂ ತೊಲೆಗೂ ನಡುವಿನ ಮೂಲೆಯಲ್ಲಿ ಅಲ್ಲೇ ಹುಟ್ಟಿದಂತೆ ಕೂತಿತು. "ಬ್ರೇಸ್!" ಎಂದು ರಾಮಚಂದ್ರಪ್ಪನವರು ಮಕ್ಕಳ ಹಾಗೆ ಕೂಗಿದರು. ಕಲ್ಲಪ್ಪನವರು ತಿರುಗಿ ಬಂದು, "ಅಕ್ಕಾ, ಹಂಗಾದ್ರೆ ಆ ನಾಯಿ ಯಾವುದು ಅದನ್ನೂ ಹೇಳಿಬಿಡಿ," ಎಂದರು. ಸುಭದ್ರಮ್ಮ ಪುಸ್ತಕದ ಕೊನೆಯ ಚಿತ್ರ ನೋಡಿದರು. ಇಳಿಜಾರು ಛಾವಣಿಯ ನಡುವೆ ಮುಂದಕ್ಕೆ ಚಾಚಿ ಮೂರು ಕಿಟಕಿಮಾಡಗಳು. "ಮುಂಗಾಲು ಊರಿ ಬಾಗಿಲು ಕಾಯೋ ಹಂಗಿಲ್ವಾ?" ಎಂದು ನಗತೊಡಗಿದವರು ನಿಲ್ಲಿಸಲೇ ಇಲ್ಲ. ಸೆರಗು ಸೋತಿತು. ಆಳುಗಳೂ ಸೇರಿ ನಕ್ಕರು.

ಸುಳ್ಳು ತೊಲೆಯ ಅರ್ಥ ಮೇಷ್ಟ್ರಿಗೆ ತಾನಾಗಿಯೇ ಹೊಳೆಯಿತು. ಕೆಳಗೆ ಗೋಡೆಯಿಂದ ಗೋಡೆಗೆ ಹಾಯುವ ಅಡ್ಡತೊಲೆ ನಿಜವಾದ ಯಜಮಾನ. ಮೇಲೆ, ಅರ್ಧ ಎತ್ತರದಲ್ಲಿ, ಅವನ ಹಾಗೇ ಕಾಣುವ ಇನ್ನೊಂದು ಗಿಡ್ಡ ತೊಲೆ. ಯಜಮಾನನಲ್ಲದ್ದರಿಂದ ಫ್ರೆಂಚರು ಅದನ್ನು ಸುಳ್ಳು ಅಂದರು. ಆದರೆ ಅದಿಲ್ಲದಿದ್ದರೆ ಮನೆಯ ಹೆಗಲು ಮುರಿಯುತ್ತದೆ. ಎಂಜಿನಿಯರು ಹೇಳಿದಂತೆ ಕಾಲರ್ ಬೀಮ್ ಎಂದು ಮೇಷ್ಟ್ರು ತಮ್ಮ ಬರಹವನ್ನು ಕೈಯಾರೆ ತಿದ್ದಿದರು. ಚಂದ್ರಶೇಖರಪ್ಪನವರು ಶಿವಮೊಗ್ಗೆಯ ಮರದ ಡಿಪೋದಿಂದ ಹೊನ್ನೆ ಮರ ಕಳಿಸಿದರು. ಕುಯ್ದುಹೋದ ಎರಡು ತೊಲೆಗೂ ಸೀಳಿದ ಒಂದಕ್ಕೂ ಬದಲಿ ಸಿದ್ಧವಾಯಿತು. ಸಾಗುವಾನಿಯ ನಡುವೆ ಆ ಹೊನ್ನೆ ಬೇರೆಯೇ ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಬಣ್ಣ ಬಳಿದು ಮುಚ್ಚೋಣವೇ ಎಂದು ಕಲ್ಲಪ್ಪ ಕೇಳಿದಾಗ ಮೇಷ್ಟ್ರು ಬೇಡ ಎಂದರು.

ಹೆಂಚು ಹೊದಿಸಿ ಮುಗಿದ ವಾರದಲ್ಲೇ ಮಳೆ ಹಿಡಿಯಿತು. ಒಂದು ಹನಿಯೂ ಸೋರಲಿಲ್ಲ. ಹೆರಿಗೆ ಮನೆಗೆ ಚಂದ್ರಶೇಖರಪ್ಪನವರು ತಮ್ಮ ಮಗಳ ಹೆಸರಿಟ್ಟರು. ಊರಿನ ಕಬ್ಬಿಣದ ಕಾರ್ಖಾನೆಯ ಕೆಲಸಗಾರರ ಹೆಂಡಂದಿರು, ತಮಿಳು ತೆಲುಗಿನವರೆಲ್ಲ, ಮೂರು ನಾಯಿ ಆಸ್ಪತ್ರೆ ಅನ್ನುತ್ತಿದ್ದರು. ಆ ಹೆಸರು ಎಲ್ಲಿಂದ ಬಂತೆಂದು ಕೇಳಿದರೆ ಆಳುಗಳು ಛಾವಣಿ ತೋರಿಸುತ್ತಿದ್ದರು.

ಆ ವರ್ಷದಿಂದ ಜಂಬಣ್ಣನವರ ಮನೆಗೆ ಕಲ್ಲಪ್ಪನವರು ಬರುವುದು ಹೋಗುವುದು ಶುರುವಾಯಿತು. ಇವರು ಅವರನ್ನು ಮೇಸ್ತ್ರಿ ಎಂದು, ಅವರು ಇವರನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರೆ, ಕಿವಿ ಮಂದವಾಗಿದ್ದ ಕಾಶಮ್ಮನವರಿಗೆ ಯಾರು ಯಾರನ್ನು ಕರೆದರೆಂದು ತಿಳಿಯುತ್ತಿರಲಿಲ್ಲ. ಮೇಷ್ಟ್ರು ಪದ್ಯ ಬಿಡಲಿಲ್ಲ. ಆದರೆ ಯಾರ ಮನೆಗೆ ಹೋದರೂ ಮೊದಲು ತಲೆಯೆತ್ತಿ ಛಾವಣಿ ನೋಡುವ ಚಟ ಅಂಟಿತು.

ಮೂವತ್ತೆಂಟರಲ್ಲಿ, ಯಾರೂ ನಿರೀಕ್ಷಿಸದಿದ್ದಾಗ, ಸುಭದ್ರಮ್ಮ ಬಸುರಾದರು. ತವರು ಆಯನೂರು, ಬಾಣಂತನ ಅಲ್ಲೇ ಆಗಬೇಕು. ಸುಭದ್ರಮ್ಮ ಮಾತ್ರ ಭದ್ರಾವತಿಗೇ ಹೋಗುವೆನೆಂದರು.

"ತವರು ಬಿಟ್ಟು ನಾಯಿ ಮನೇಲಿ ಹೆರ್ತೀಯೇನೆ?" ಎಂದರು ಕಾಶಮ್ಮ.

"ಆ ಮನೆ ಗಟ್ಟಿ ಇದೆ ಅತ್ತೆಮ್ಮ. ಒಂದೊಂದು ಮರಾನೂ ನಂಗೆ ಗೊತ್ತು."

ವಯಸ್ಸು ಮೀರಿದ ಚೊಚ್ಚಲು, ಹೆರಿಗೆ ಕಷ್ಟವಾಯಿತು. ಹೊರಗೆ ಜಗಲಿಯಲ್ಲಿ ಮೇಷ್ಟ್ರು, ಅವರ ಪಕ್ಕದಲ್ಲಿ ಕಲ್ಲಪ್ಪ. ಒಳಗಿನಿಂದ ಸುಭದ್ರಮ್ಮನ ಕೂಗು ಬಂದಾಗಲೆಲ್ಲ ಮೇಷ್ಟ್ರು ಎದ್ದು ನಿಲ್ಲುತ್ತಿದ್ದರು. ಕಲ್ಲಪ್ಪ ತೋಳು ಹಿಡಿದು ಕೂರಿಸುತ್ತಿದ್ದರು. ಒಂದು ಸಲ ನೋವಿನ ನಡುವೆ, ಸಿಟ್ಟಿನಲ್ಲಿ, "ಅಸ್ಸೆ! ಅಸ್ಸೆ!" ಎಂಬ ಕೂಗು ಕೇಳಿತು. ಮೇಷ್ಟ್ರು ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಮಧ್ಯಾಹ್ನ ತಿರುಗುವ ಹೊತ್ತಿಗೆ ಮಗು ಅತ್ತಿತು. ಹೆಣ್ಣು. ಇಬ್ಬರೂ ಕ್ಷೇಮ. ನರ್ಸಮ್ಮ ಹೊರಬಂದು, "ನಿಮ್ಮ ಹೆಂಡ್ತಿ ಇಡೀ ಹೊತ್ತು ಮೇಲೆ ನೋಡ್ಕೊಂಡು ಏನೋ ಮಂತ್ರ ಹೇಳ್ತಿದ್ರಪ್ಪ," ಎಂದರು. ಒಳಗೆ ಹೋದಾಗ ಸುಭದ್ರಮ್ಮ ಬೆವರಿನಲ್ಲಿ ನೆನೆದು ಮಲಗಿದ್ದರು. "ಮಂತ್ರವೂ ಇಲ್ಲ, ಏನೂ ಇಲ್ಲ. ನಿಮ್ಮ ಹೊನ್ನೆ ತೊಲೆಗೆ ಬೈತಿದ್ದೆ," ಎಂದು ಕಣ್ಣು ಮುಚ್ಚಿದರು. ಮಗುವಿಗೆ ಪುಷ್ಪ ಎಂದು ಹೆಸರಿಟ್ಟರು.

ಯುದ್ಧ ಬಂತು, ಹೋಯಿತು. ಕಾಶಮ್ಮನವರು ತೀರಿಕೊಂಡರು. ನಲವತ್ತಾರರ ಬೇಸಿಗೆಯಲ್ಲಿ ಮೇಷ್ಟ್ರು ಇದ್ದಕ್ಕಿದ್ದಂತೆ ಪಾಂಡಿಚೇರಿ ನೋಡಬೇಕೆಂದರು. ಹೆಂಡತಿ, ಮಗಳು, ಮುದಿಯಾದ ಕಲ್ಲಪ್ಪ, ನಾಲ್ವರೂ ಹೊರಟರು. ಆ ಬಂಗಲೆ ಇದ್ದ ಜಾಗ ಹುಡುಕಿದರು. ಬರೀ ಮರಳು, ತೆಂಗಿನ ಮರ, ಒಂದು ಹಳೆಯ ಬಾವಿ. ಕಲ್ಲಪ್ಪ ಬಾವಿಯ ನೀರು ಸೇದಿ ಮುಖ ತೊಳೆದು, "ನೀರು ಉಪ್ಪು," ಎಂದರು.

ಹತ್ತಿರದ ಮನೆಯ ಮುಂದೆ ಫ್ರೆಂಚ್ ಮುದುಕನೊಬ್ಬ ಮುರಿದ ಕಿಟಕಿಯ ಬಾಗಿಲು ಕೈಯಲ್ಲಿ ಹಿಡಿದು ನಿಂತಿದ್ದ. ಪಾದ್ರಿಗಳ ನಂತರ ಮೇಷ್ಟ್ರಿಗೆ ಮಾತಿಗೆ ಸಿಕ್ಕ ಮೊದಲ ಫ್ರೆಂಚ್ ಮನುಷ್ಯ. ಪದ್ಯವೊಂದನ್ನು ನೆನಪು ಮಾಡಿಕೊಂಡು ಹೋದವರ ಬಾಯಲ್ಲಿ ಬಂದದ್ದೇ ಬೇರೆ. ಕಿಟಕಿಯ ಮೇಲುಪಟ್ಟಿ ಜಾರಿದೆ, ಅಡ್ಡಪಟ್ಟಿಯ ಮೂಲೆ ಬಿಟ್ಟಿದೆ, ಹಕ್ಕಿಬಾಲದ ಬೆಸುಗೆ ಹಾಕಿದರೆ ನಿಲ್ಲುತ್ತದೆ ಎಂದು ನಿಧಾನವಾಗಿ, ತಪ್ಪಿಲ್ಲದೆ ಹೇಳಿದರು. ಮುದುಕ ಕಣ್ಣರಳಿಸಿ ಕೇಳಿ ಏನೋ ಪ್ರಶ್ನೆ ಹಾಕಿದ.

"ಏನಂತಾನ್ರೀ?" ಎಂದರು ಸುಭದ್ರಮ್ಮ.

"ನೀವು ಬಡಗಿಯಾ, ಅಂತ ಕೇಳ್ತಾನೆ."

"ಏನಂದ್ರಿ?"

"ಇನ್ನೂ ಏನೂ ಅಂದಿಲ್ಲ," ಎಂದರು ಮೇಷ್ಟ್ರು. ಕಲ್ಲಪ್ಪನವರ ಮುಖ ನೋಡಿದರು. ಅವರಿಗೆ ಒಂದು ಮಾತೂ ಅರ್ಥವಾಗಿರಲಿಲ್ಲ. ಆದರೆ ಅವರಾಗಲೇ ಆ ಕಿಟಕಿಯನ್ನು ಮುದುಕನ ಕೈಯಿಂದ ಇಸಕೊಂಡು ನೆಲದ ಮೇಲೆ ಮಲಗಿಸಿ, ಮೂಲೆ ಒತ್ತಿ ನೋಡುತ್ತಿದ್ದರು. ಮೇಷ್ಟ್ರು ಮುದುಕನ ಕಡೆ ತಿರುಗಿ ಹೌದು ಎಂದರು. ಪಂಚೆ ಎತ್ತಿ ಕಟ್ಟಿ ಕಲ್ಲಪ್ಪನವರ ಎದುರು ಕೂತು ಕಿಟಕಿಯ ಇನ್ನೊಂದು ತುದಿ ಹಿಡಿದುಕೊಂಡರು. ಮುದುಕ ಸುತ್ತಿಗೆ ತರಲು ಒಳಗೆ ಹೋದ.